ಹಾಜರಿಯಲ್ಲಿ ಬಿಟ್ಟುಹೋದ ಮೂರು ಹೆಸರು

ಹಾಸನದ ಆಸ್ಪತ್ರೆಯೊಂದರಲ್ಲಿ ನಾನು ನರರೋಗ ವೈದ್ಯೆಯಾಗಿ ಸೇರಿ ಅದು ಆರನೇ ವರ್ಷ. ಮೆದುಳಿನ ರಕ್ತನಾಳ ಒಡೆದು ಸ್ಟ್ರೋಕ್ ಆದವರಲ್ಲಿ ಆಮೇಲೆ ರಕ್ತದ ಹರಿವು ಹೇಗೆ ಕಡಿಮೆಯಾಗುತ್ತದೆ ಎಂಬುದನ್ನು ನಾವು ದಿನವೂ ಅಳೆದು ಬರೆದಿಡುತ್ತಿದ್ದೆವು. ಒಡೆದ ಜಾಗ ಮುಚ್ಚಿದ ಮಾತ್ರಕ್ಕೆ ಗಂಡಾಂತರ ಮುಗಿಯುವುದಿಲ್ಲ. ಸುಮಾರು ನಾಲ್ಕನೇ ದಿನದಿಂದ ಎರಡು ವಾರದವರೆಗೆ ಉಳಿದ ನಾಳಗಳು ಬಿಗಿದುಕೊಂಡು, ಮೆದುಳಿನ ಒಂದು ಭಾಗಕ್ಕೆ ರಕ್ತವೇ ಸಿಗದೆ ಹೋಗಬಹುದು. ಶಬ್ದದ ಅಲೆ ಬಿಡುವ ಡಾಪ್ಲರ್ ಯಂತ್ರದ ಪ್ರೋಬನ್ನು ಕಿವಿಯ ಮುಂದೆ, ಸ್ವಲ್ಪ ಮೇಲಕ್ಕೆ ಇಟ್ಟರೆ ರಕ್ತ ಓಡುವ ವೇಗ ತಿಳಿಯುತ್ತದೆ. ನಾಳ ಕಿರಿದಾದರೆ ವೇಗ ಹೆಚ್ಚುತ್ತದೆ.

ಆ ಬೇಸಿಗೆಯಲ್ಲಿ ವನಗೂರಿನ ಏಲಕ್ಕಿ ಎಸ್ಟೇಟೊಂದರ ರೈಟರ್ ಶಿವಣ್ಣ ಹೀಗೆಯೇ ನಾಳ ಒಡೆದು ನಮ್ಮಲ್ಲಿಗೆ ಬಂದರು. ರೈಟರ್ ಎಂದರೆ ಬೆಳಗ್ಗೆ ಆಳುಗಳ ಹಾಜರಿ ಕೂಗಿ ಕೆಲಸ ಹಂಚುವವರು. ಒಡೆದ ಜಾಗ ಮುಚ್ಚುವ ಆಪರೇಷನ್ ಚೆನ್ನಾಗಿಯೇ ಆಯಿತು. ನಾಲ್ಕನೇ ದಿನ ಬೆಳಗ್ಗೆ, ಯಾರೂ ಕೇಳದಿದ್ದರೂ, ಹಾಸಿಗೆಯಲ್ಲೇ ಕೂತು ಹಾಜರಿ ಶುರು ಮಾಡಿದರು. ಪುಸ್ತಕವಿಲ್ಲದೆ, ಆಳುಗಳ ಮನೆಸಾಲಿನ ಕ್ರಮದಲ್ಲೇ ಮೂವತ್ತೆಂಟು ಹೆಸರು! ಅಂದಿನಿಂದ ದಿನವೂ ಇದೇ. ವಾರ್ಡಿನವರಿಗೆ ತಮಾಷೆ, ರೌಂಡ್ಸಿಗೆ ಬಂದ ನನಗೆ ಕಿರಿಕಿರಿ.

ಒಂದು ತೊಡಕಿತ್ತು. ಎಡಗಡೆ ಅವರ ತಲೆಮೂಳೆ ದಪ್ಪ. ಡಾಪ್ಲರಿನ ಅಲೆಗಳು ಒಳಗೆ ಸರಿಯಾಗಿ ಇಳಿಯುತ್ತಿರಲಿಲ್ಲ. ಸಿಕ್ಕಷ್ಟು ಕ್ಷೀಣ ಸದ್ದನ್ನೇ ನಂಬಿ ‘ವೇಗ ಹೆಚ್ಚಿಲ್ಲ’ ಎಂದು ಬರೆಯುತ್ತಿದ್ದೆ.

ಏಳನೇ ದಿನ ಅವರ ಹೆಂಡತಿ ಗೌರಮ್ಮ ಬಾಗಿಲಲ್ಲೇ ನನ್ನನ್ನು ತಡೆದರು. ಆ ದಿನದ ಹಾಜರಿಯಲ್ಲಿ ಮೂರು ಹೆಸರು ಬಿಟ್ಟುಹೋಗಿವೆಯಂತೆ. ನಾನು ಶಿವಣ್ಣನವರನ್ನೇ ಹೆಸರು, ಊರು, ವಾರ ಎಲ್ಲ ಕೇಳಿದೆ. ಸರಿಯಾಗಿ ಹೇಳಿದರು. ಕೈಕಾಲು ಎತ್ತಿದರು. ಡಾಪ್ಲರ್ ಹಾಳೆಯಲ್ಲೂ ಏನಿಲ್ಲ. ಆ ಮೂವರು ರಜೆ ಹಾಕಿರಬೇಕು ಬಿಡಿ ಎಂದು ನಕ್ಕು ಹೊರಟೆ.

ಗೌರಮ್ಮ ನಗಲಿಲ್ಲ. “ರಜಾ ಹಾಕಿದೋರ ಹೆಸರ್ನೂ ಕೂಗೇ ಕೂಗ್ತಾರೆ ಮೇಡಂ. ಉತ್ತರ ಬರ್ದೇ ಇದ್ರೆ ಇನ್ನೊಂದ್ಸಲ ಕೂಗಿ, ಬಂದಿಲ್ಲ ಅಂತ ಗುರುತು ಹಾಕ್ತಾರೆ. ಇಪ್ಪತ್ತು ವರ್ಷದಿಂದ ಒಂದು ಹೆಸರು ಬಿಟ್ಟೋರಲ್ಲ ಕಣ್ರೀ. ತಲೇಲಿ ಏನೋ ಆಗೈತೆ, ನೋಡಿ.”

ನನ್ನ ನಗು ಅಲ್ಲೇ ನಿಂತಿತು. ವಾಪಸು ಹೋಗಿ ಇನ್ನೊಮ್ಮೆ ಕೂಗಲು ಹೇಳಿದೆ. ಈ ಸಲ ಐದು ಹೆಸರು ಇರಲಿಲ್ಲ, ಮತ್ತು ತಾವು ಬಿಟ್ಟದ್ದು ಅವರಿಗೇ ಗೊತ್ತಿರಲಿಲ್ಲ. ತಕ್ಷಣ ಸಿ.ಟಿ. ಆಂಜಿಯೋಗ್ರಾಂಗೆ ಕಳಿಸಿದೆ. ಎಡಗಡೆಯ ನಾಳ ದಾರದಷ್ಟು ಸಣ್ಣಗಾಗಿತ್ತು. ಮಾತಿನ ಕೇಂದ್ರಕ್ಕೆ ರಕ್ತ ಒಯ್ಯುವ ನಾಳ ಅದೇ. ಇನ್ನಷ್ಟು ತಡವಾಗಿದ್ದರೆ, ಕೂಗಿ ಹೊಟ್ಟೆ ಹೊರೆಯುವ ಮನುಷ್ಯನ ಮಾತೇ ಹೋಗುತ್ತಿತ್ತು.

ಒಡೆದ ಜಾಗ ಭದ್ರವಾಗಿದ್ದುದರಿಂದ ಔಷಧಿ ಕೊಟ್ಟು ರಕ್ತದೊತ್ತಡ ಏರಿಸಿದೆವು, ಬಿಗಿದ ನಾಳ ದಾಟಿ ರಕ್ತ ನುಗ್ಗಲೆಂದು. ಮಧ್ಯಾಹ್ನ ನಾನು ಊಟಕ್ಕೂ ಏಳಲಿಲ್ಲ. ಸಂಜೆ ಎರಡು ಹೆಸರು ವಾಪಸು ಬಂದವು. ಮರುದಿನ ಬೆಳಗ್ಗೆ ಗೌರಮ್ಮ ಬೆರಳು ಮಡಿಸುತ್ತ ಎಣಿಸಿದರು: ಮೂವತ್ತೆಂಟು. ನಾನು ಕಣ್ಣೊರೆಸಿಕೊಂಡೆ, ಅಡಗಿಸುವ ಗೋಜಿಗೆ ಹೋಗಲಿಲ್ಲ.

ಮೂರು ತಿಂಗಳ ಮೇಲೆ ಶಿವಣ್ಣನವರ ಒತ್ತಾಯಕ್ಕೆ ಜೀಪು ಹತ್ತಿ ವನಗೂರಿಗೆ ಹೋದೆ. ಎಸ್ಟೇಟಿನ ಸ್ಟೋರಿನ ಮುಂದೆ ಹಾಜರಿ ನಡೆದಿತ್ತು. “ಹೊನ್ನಮ್ಮ” ಎಂದು ಕೂಗಿದರು. ಉತ್ತರವಿಲ್ಲ. ಮತ್ತೆ ಕೂಗಿದರು, ಕಾದರು, ಪುಸ್ತಕದಲ್ಲಿ ಗುರುತು ಹಾಕಿ ಮುಂದಕ್ಕೆ ಹೋದರು. ಅದನ್ನು ನೋಡುತ್ತಿದ್ದಾಗ ನನ್ನ ತಪ್ಪು ಏನೆಂದು ಸ್ಪಷ್ಟವಾಯಿತು. ಯಂತ್ರ ನನಗೆ ಉತ್ತರವನ್ನೇ ಕೊಟ್ಟಿರಲಿಲ್ಲ; ನಾನು ‘ಸರಿಯಿದೆ’ ಎಂದು ಹಾಜರಿ ಹಾಕಿಬಿಟ್ಟಿದ್ದೆ.

ಈಗ ಡಾಪ್ಲರ್ ಸರಿಯಾಗಿ ಕೇಳಿಸದಿದ್ದರೆ ‘ಕೇಳಿಸಲಿಲ್ಲ’ ಎಂದೇ ಬರೆಯುತ್ತೇನೆ. ಆಮೇಲೆ ರೋಗಿಯ ಮನೆಯವರ ಪಕ್ಕ ಕೂತು, ಇವತ್ತು ಏನು ಬಿಟ್ಟುಹೋಗಿದೆ ಎಂದು ಕೇಳುತ್ತೇನೆ.