ಹಸಿರು ದೀಪ ಮತ್ತು ತಡೆಹಿಡಿದ ಲೇಖನ

ಸಸ್ತನಿಗಳ ಮೆದುಳಿನಲ್ಲಿ ಯಾವ ವಂಶವಾಹಿ ಯಾವ ಹೊತ್ತಿಗೆ ಚುರುಕಾಗುತ್ತದೆ, ಯಾವ ಹೊತ್ತಿಗೆ ತೆಪ್ಪಗಾಗುತ್ತದೆ ಎಂಬುದನ್ನು ಬಾಳಿಡೀ ಅರಸಿದ ನಮ್ಮ ಪ್ರಾಧ್ಯಾಪಕರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಬೆನ್ನ ಹಿಂದೆ ಎಲ್ಲರಿಗೂ ಅವರು ‘ಗಡಿಯಾರಮ್ಮ’. ಲೋಕಕ್ಕೆಲ್ಲ ಹೊತ್ತಿನ ಪಾಠ ಹೇಳುವ ಗಡಿಯಾರಮ್ಮನವರು ವಿಭಾಗದ ಸಭೆಗೆ ಮಾತ್ರ ಎಂದೂ ಹೊತ್ತಿಗೆ ಸರಿಯಾಗಿ ಬಂದವರಲ್ಲ.

ಸೇವೆಗೆ ಸೇರಿದ ಹೊಸತರಲ್ಲಿ ಅವರಿಗೆ ದಕ್ಕಿದ್ದು ಹಳೆಯ ಉಗ್ರಾಣವೊಂದೇ. ಕಿಟಕಿಯ ಸಂದುಗಳಿಗೆ ತಾವೇ ಕಪ್ಪು ಬಟ್ಟೆ ಜಡಿದು, ಅದನ್ನು ಇಲಿಗಳ ಕತ್ತಲ ಕೋಣೆ ಮಾಡಿಕೊಂಡರು. ಬೆಳಕು ಸೋಕದ ಅಲ್ಲಿಯೂ, ನೆನಪಿಗೆ ಸಂಬಂಧಿಸಿದ ಮೆದುಳಿನ ಭಾಗದಲ್ಲಿ ವಂಶವಾಹಿಯೊಂದು ದಿನದಿನವೂ ತನ್ನ ಹೊತ್ತಿಗೆ ಎದ್ದು ತನ್ನ ಹೊತ್ತಿಗೆ ಮಲಗುವುದನ್ನು ಅವರೂ ಅವರ ಮೊದಲ ಸಂಶೋಧನ ವಿದ್ಯಾರ್ಥಿನಿಯೂ ಕಂಡರು. ಲೇಖನ ಸಿದ್ಧವಾಯಿತು, ವಿದ್ಯಾರ್ಥಿನಿಯ ಪದವಿಯೂ ಅದರ ಮೇಲೆಯೇ ನಿಂತಿತ್ತು.

ಕಳಿಸಬೇಕೆನ್ನುವಾಗ ಇಲಿಮನೆಯ ಮೇಲ್ವಿಚಾರಕರು ಕೈ ಹಿಸುಕಿಕೊಳ್ಳುತ್ತ ಬಂದು ನಿಂತರು. ಕೋಣೆಗೆ ತಾವು ಹಾಕಿಸಿದ ತಂಪು ಯಂತ್ರ ಪ್ರತಿ ಬೆಳಿಗ್ಗೆ ತಾನಾಗಿ ಚಾಲೂ ಆದೊಡನೆ, ಅದರ ಹಿಂಬದಿಯಲ್ಲಿ ಸಾಸಿವೆಯಷ್ಟು ಹಸಿರು ದೀಪ ಹೊತ್ತಿಕೊಳ್ಳುತ್ತಿತ್ತಂತೆ. ಹಾಗಾದರೆ ವಂಶವಾಹಿಯನ್ನು ಎಬ್ಬಿಸಿದ್ದು ಮೆದುಳೋ, ದೀಪವೋ?

"ಅಷ್ಟು ಚಿಕ್ಕ ದೀಪ, ಯಾರಿಗೆ ಗೊತ್ತಾಗುತ್ತೆ ಮೇಡಂ?" ಎಂದರು ವಿಭಾಗದ ಮುಖ್ಯಸ್ಥರು.

"ಇಲಿಗೆ ಗೊತ್ತಾಗುತ್ತೆ ಸರ್," ಎಂದು ಇವರು ಲೇಖನವನ್ನು ತಡೆಹಿಡಿದರು. ಮೇಲ್ವಿಚಾರಕರ ಮೇಲೆ ಒಂದು ಮಾತೂ ಬಾರದಂತೆ ನೋಡಿಕೊಂಡರು.

ಮತ್ತೆ ಮೊದಲಿನಿಂದ ಶುರುವಾದ ಪ್ರಯೋಗ ಮುಗಿಯುವಷ್ಟರಲ್ಲಿ, ದೂರದ ತಂಡವೊಂದು ಅದನ್ನೇ ಪ್ರಕಟಿಸಿ ಹೆಸರು ಮಾಡಿತು. ದೀಪವಿಲ್ಲದ ಕೋಣೆಯಲ್ಲೂ ಇವರ ಫಲಿತಾಂಶ ಕೂದಲೆಳೆಯಷ್ಟೂ ಬದಲಾಗಲಿಲ್ಲವೆಂಬುದು ಇಂದಿಗೂ ಹೊಟ್ಟೆ ಉರಿಸುವ ಸಂಗತಿ. ಸಹಾಯವೇತನ ಮುಗಿದ ವಿದ್ಯಾರ್ಥಿನಿ ಪದವಿಯನ್ನು ಅರ್ಧಕ್ಕೆ ಬಿಟ್ಟು ಸೂಕ್ಷ್ಮದರ್ಶಕ ಮಾರುವ ಕೆಲಸಕ್ಕೆ ಸೇರಿದರು. ಆ ಕೆಲಸಕ್ಕಾಗಿ ಗಡಿಯಾರಮ್ಮನವರೇ ಬಾಗಿಲು ಬಾಗಿಲು ತಟ್ಟಿದ್ದರು. ಆಮೇಲೆ ಅನೇಕರು ಅವರ ಕೈಕೆಳಗೆ ಪದವಿ ಪಡೆದರು. ಪ್ರತಿ ಬಾರಿಯೂ ಅವರ ಸಂತೋಷದಲ್ಲಿ ಏನೋ ಒಂದು ಕಡಿಮೆ ಇರುತ್ತಿತ್ತು.

ಬೀಳ್ಕೊಡುಗೆಗೆ ಆ ಮೊದಲ ಶಿಷ್ಯೆ ಬಂದಿದ್ದರು. ತಲೆಯಲ್ಲಿ ನರೆ ಮೂಡಿತ್ತು.

"ಅವತ್ತು ಕಳಿಸಿಬಿಡಬೇಕಿತ್ತು ಅಂತ ಯಾವತ್ತಾದ್ರೂ ಅನ್ಸಿದ್ಯಾ ಮೇಡಂ?"

"ನಿನ್ನ ನೆನೆಸ್ಕೊಂಡಾಗೆಲ್ಲ ಅನ್ಸುತ್ತೆ ಕಣಮ್ಮ. ಆದ್ರೆ ಇನ್ನೊಂದ್ಸಲ ಹಾಗೇ ಆದ್ರೂ ನಾನು ಕಳಿಸಲ್ಲ."

"ಗೊತ್ತು. ಅದಕ್ಕೇ ಇಷ್ಟು ವರ್ಷ ಈ ಕಡೆ ಬರೋಕಾಗ್ಲಿಲ್ಲ."

ಮೆದುಳಿನ ಹೊತ್ತುಗಳನ್ನು ಕುರಿತು ಬರೆಯತೊಡಗಿರುವ ಪುಸ್ತಕವನ್ನು ಮುಗಿಸಿ, ಇನ್ನೂ ಹಲವನ್ನು ಬರೆಯುವಷ್ಟು ಆಯುಸ್ಸು, ಆರೋಗ್ಯ ನಮ್ಮ ಗಡಿಯಾರಮ್ಮನವರಿಗೆ ದೊರೆಯಲಿ. ಈಗಿನ ಪುಸ್ತಕವನ್ನು ಆ ಶಿಷ್ಯೆಯೊಡನೆ ಕೂತು ಬರೆಯಬೇಕೆಂಬುದು ಅವರ ಆಸೆ. ಬೀಳ್ಕೊಡುಗೆಯ ದಿನವೇ ಕೇಳಿದ್ದಾರೆ. ಆಕೆ ಇನ್ನೂ ಹ್ಞೂಂ ಅಂದಿಲ್ಲ.