ಇನ್ನೊಂದು ಸುತ್ತು ಓಡು ಎಂದವನು ನಾನೇ

ಮೇಘನಾ ಮೊದಲ ಸಲ ಕುಸಿದದ್ದು ನಮ್ಮ ಶಾಲೆಯ ಮೈದಾನದಲ್ಲಿ, ನನ್ನ ಕಣ್ಣೆದುರಿಗೇ. ಡಿಸೆಂಬರ್ ತಿಂಗಳ ಬೆಳಿಗ್ಗೆ. ವಾರ್ಷಿಕ ಕ್ರೀಡಾಕೂಟದ ತಾಲೀಮು ನಡೆದಿತ್ತು. ಒಂಬತ್ತನೇ ಕ್ಲಾಸಿನ ಹುಡುಗಿಯರು ಮೈದಾನವನ್ನು ಎರಡು ಸುತ್ತು ಓಡಬೇಕಿತ್ತು. ನನ್ನ ಮಗಳು ಮೊದಲ ಸುತ್ತಿನ ಅರ್ಧಕ್ಕೇ ನಿಂತಳು. ಮೊಣಕಾಲ ಮೇಲೆ ಕೈಯೂರಿ ಬಗ್ಗಿದಳು. ಉಳಿದರ್ಧವನ್ನು ನಡೆದು ಮುಗಿಸಿ, ಬಂದು ನೆಲಕ್ಕೆ ಕುಳಿತುಬಿಟ್ಟಳು.

ನಾನು ಅದೇ ಶಾಲೆಯಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಊರು ಧಾರವಾಡ. ವರ್ಗವಾಗಿ ವಡೋದರಾಕ್ಕೆ ಬಂದು ಒಂಬತ್ತು ವರ್ಷ. ಮೇಷ್ಟ್ರ ಮಗಳು ಹೀಗೆ ಎಲ್ಲರೆದುರು ಕುಳಿತದ್ದು ನನಗೆ ಅವಮಾನವೆನಿಸಿತು. ಹತ್ತಿರ ಹೋದೆ.

"ಪಪ್ಪಾ, ಆಗವಲ್ದು. ಕಾಲು ಪತ್ಥರ್ ಆಗ್ಯಾವ," ಎಂದಳು. ಅವಳ ಕನ್ನಡ ಯಾವಾಗಲೂ ಹೀಗೆ, ಅರ್ಧ ಹಿಂದಿ; ಕಲ್ಲಿಗೆ ಪತ್ಥರ್.

"ಏಳು. ನಾಟಕ ಸಾಕು. ಇನ್ನೊಂದು ಸುತ್ತು ಓಡು."

ಅವಳ ಗೆಳತಿಯರಲ್ಲಿ ಇಬ್ಬರು ನಕ್ಕರು. ಪಿ.ಟಿ. ಟೀಚರ್, "ರೆಹನೇ ದೋ ಸರ್," ಎಂದು ನನ್ನನ್ನು ತಡೆದರು. ನಾನು ಬಿಡಲಿಲ್ಲ. ಮೇಘನಾ ಎದ್ದಳು. ಓಡಿದಳು. ನಲವತ್ತು ಹೆಜ್ಜೆ ಹೋಗಿರಬಹುದು. ವಾಂತಿ ಮಾಡಿಕೊಂಡು ಮುಖ ಅಡಿಯಾಗಿ ಬಿದ್ದಳು.

ಬಿದ್ದ ಮೇಲೂ ನನಗೆ ಮೊದಲು ಬಂದದ್ದು ಸಿಟ್ಟು.

ಇದನ್ನು ಬರೆಯುವಾಗ ಕೈ ಹಿಂದೇಟು ಹಾಕುತ್ತದೆ. ಆದರೂ ಬರೆಯಬೇಕು. ಹಿಂದಿನ ಎರಡು ವರ್ಷಗಳಿಂದ ಆ ಹುಡುಗಿ ತನಗಾಗುತ್ತಿದ್ದುದನ್ನು ಹೇಳುತ್ತಲೇ ಇದ್ದಳು. ಮೂರನೇ ಮಹಡಿಯ ನಮ್ಮ ಮನೆಗೆ ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಲ್ಲುತ್ತಿದ್ದಳು. ಊಟ ಅರ್ಧಕ್ಕೆ ಬಿಟ್ಟು "ಅಗಿದು ಅಗಿದು ಬಾಯಿ ಸೋತ್ತು" ಎನ್ನುತ್ತಿದ್ದಳು. ಸಂಜೆಯ ಹೊತ್ತಿಗೆ ಕಣ್ಣಿನ ರೆಪ್ಪೆ ಇಳಿಬೀಳುತ್ತಿತ್ತು. ಮೊಬೈಲ್ ನೋಡಿ ನೋಡಿ ಹೀಗಾಗಿದೆ ಎಂದು ನಾನು ಮೊಬೈಲ್ ಕಿತ್ತಿಟ್ಟುಕೊಂಡೆ. ದಿನಾ ಬೆಳಿಗ್ಗೆ ಐವತ್ತು ಸಲ ಹಗ್ಗ ಜಿಗಿಯಬೇಕೆಂದು ಕಟ್ಟಳೆ ಮಾಡಿದೆ. ಅವಳು ಇಪ್ಪತ್ತಕ್ಕೆ ನಿಲ್ಲಿಸಿದರೆ ಮತ್ತೆ ಒಂದರಿಂದ ಎಣಿಸಲು ಹೇಳುತ್ತಿದ್ದೆ.

ಬಿದ್ದ ದಿನ ಆಸ್ಪತ್ರೆಯಲ್ಲಿ ಸಲೈನ್ ಹಾಕಿದರು. ಡಿಹೈಡ್ರೇಶನ್ ಇರಬಹುದು ಎಂದರು. ಹಿಮೋಗ್ಲೋಬಿನ್ ಸರಿ ಇತ್ತು. ಥೈರಾಯ್ಡ್ ಸರಿ ಇತ್ತು. ಎಕ್ಸ್‌ರೇ, ಇಸಿಜಿ ಎಲ್ಲ ಸರಿ. ಆಮೇಲೆ ತೋರಿಸಿದ ಒಬ್ಬ ಡಾಕ್ಟರು, "ಈ ವಯಸ್ಸಿನ ಮಕ್ಕಳಲ್ಲಿ ಆಂಗ್ಸೈಟಿ ಇರುತ್ತದೆ, ಮನಸ್ಸಿಗೆ ಸಂಬಂಧಪಟ್ಟದ್ದು," ಎಂದರು. ಆ ಮಾತು ನನಗೆ ಹಿತವಾಯಿತು. ನಾನು ಹೇಳುತ್ತಿದ್ದುದನ್ನೇ ಕೋಟು ಹಾಕಿದವರು ಹೇಳಿದಂತಾಯಿತು. ಮನೆಗೆ ಬಂದು ಮಗಳಿಗೆ, "ನೋಡು, ನಿನಗೇನೂ ಆಗಿಲ್ಲ," ಎಂದೆ.

ಅವಳು ಗೋಡೆಯ ಕಡೆ ಹೊರಳಿ ಮಲಗಿದಳು.

ನಂತರದ ವಾರ ಜ್ವರ ಬಂತು. ಸಾಧಾರಣ ನೆಗಡಿ ಜ್ವರ. ಆದರೆ ಮೂರನೇ ದಿನ ಅವಳು ಏದುಸಿರು ಬಿಡತೊಡಗಿದಳು, ಹಾಸಿಗೆಯಲ್ಲಿ ಸುಮ್ಮನೆ ಮಲಗಿದಲ್ಲೇ. ಮತ್ತೆ ಅಡ್ಮಿಟ್. ಈ ಸಲ ಡ್ಯೂಟಿಯಲ್ಲಿದ್ದ ಎಳೆಯ ವಯಸ್ಸಿನ ಡಾಕ್ಟರು ಬೇರೊಂದು ಟೆಸ್ಟ್ ಬರೆದರು. ಸಂಜೆ ನನ್ನನ್ನು ಕರೆದು ಕೇಳಿದರು: "ಸರ್, ಬ್ಲಡ್ ಲ್ಯಾಕ್ಟೇಟ್ ತುಂಬಾ ಜಾಸ್ತಿ ಇದೆ. ಈಗಷ್ಟೇ ಓಡಿ ಬಂದವರಲ್ಲಿ ಇರುವ ಹಾಗೆ. ಇವಳು ಮಲಗಿಯೇ ಇದ್ದಾಳಲ್ಲ?"

ಲ್ಯಾಕ್ಟೇಟ್.

ಆ ಪದ ನನಗೆ ಗೊತ್ತಿತ್ತು. ಇಪ್ಪತ್ತೊಂದು ವರ್ಷಗಳಿಂದ ಅದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಎಲೆ ಬಿಸಿಲನ್ನು ಹಿಡಿದು, ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್, ಬೇರಿನಿಂದ ನೀರು ತೆಗೆದುಕೊಂಡು ಗ್ಲೂಕೋಸ್ ಕಟ್ಟುತ್ತದೆ. ನಾವು ಅದನ್ನು ತಿನ್ನುತ್ತೇವೆ. ತಿಂದ ಮಾತ್ರಕ್ಕೆ ಶಕ್ತಿ ಬರುವುದಿಲ್ಲ. ಮೈಯ ಒಂದೊಂದು ಜೀವಕೋಶವೂ ಆ ಸಕ್ಕರೆಯನ್ನು ತನ್ನೊಳಗೆ ಒಡೆದುಕೊಳ್ಳಬೇಕು. ಅರ್ಧ ಒಡೆದದ್ದು ಮೈಟೊಕಾಂಡ್ರಿಯಾ ಎಂಬ ಪುಟ್ಟ ಕಣಗಳೊಳಗೆ ಹೋಗಿ, ನಾವು ಉಸಿರಾಡಿದ ಆಕ್ಸಿಜನ್ ನೆರವಿನಿಂದ ಪೂರ್ತಿ ಉರಿದರೆ ಮಾತ್ರ ಕೈಕಾಲು ಆಡುವಷ್ಟು ಶಕ್ತಿ. ಅಲ್ಲಿಗೆ ಹೋಗಲು ಆಗದಿದ್ದರೆ ಅದು ಲ್ಯಾಕ್ಟಿಕ್ ಆಸಿಡ್ ಆಗಿ ಸ್ನಾಯುವಿನಲ್ಲಿ, ರಕ್ತದಲ್ಲಿ ತುಂಬಿಕೊಳ್ಳುತ್ತದೆ. ಕಾಲು ಕಲ್ಲಾಗುತ್ತದೆ. ಉಸಿರು ಏರುತ್ತದೆ. ವಾಂತಿಯಾಗುತ್ತದೆ. ಪರೀಕ್ಷೆಯಲ್ಲಿ ಮಕ್ಕಳು ಇದರಲ್ಲಿ ಒಂದು ಬಾಣದ ಗುರುತು ಬಿಟ್ಟರೂ ನಾನು ಅರ್ಧ ಮಾರ್ಕ್ ಕತ್ತರಿಸುತ್ತಿದ್ದೆ.

ಹೌದು, ಮಲಗಿಯೇ ಇದ್ದಾಳೆ ಎಂದು ಡಾಕ್ಟರಿಗೆ ಹೇಳಿದೆ. ಜೀವಶಾಸ್ತ್ರದ ಮೇಷ್ಟ್ರು ಎಂದು ಮಾತ್ರ ಹೇಳಿಕೊಳ್ಳಲಿಲ್ಲ.

ಅವರು ಅಹಮದಾಬಾದಿನ ನ್ಯೂರಾಲಜಿಸ್ಟ್ ಒಬ್ಬರಿಗೆ ಚೀಟಿ ಕೊಟ್ಟರು. ಹತ್ತು ದಿನ ಬಿಟ್ಟು ರೈಲಿನಲ್ಲಿ ಹೋದೆವು: ನಾನು, ಮೇಘನಾ, ನನ್ನ ಹೆಂಡತಿ ಸುನಂದಾ. ಆಸ್ಪತ್ರೆಗೆ ಹತ್ತಿರವೆಂದು ಅಹಮದಾಬಾದಿಗೆ ಒಂದು ಸ್ಟೇಷನ್ ಮೊದಲೇ, ಮಣಿನಗರದಲ್ಲಿ ಇಳಿದೆವು. ಆಫೀಸಿಗೆ ಹೋಗುವವರ ನೂಕುನುಗ್ಗಲು. ಪ್ಲಾಟ್‌ಫಾರ್ಮ್ ದಾಟಲು ಸೇತುವೆಯ ಮೆಟ್ಟಿಲು ಹತ್ತಬೇಕು. ನಾನು ಬ್ಯಾಗು ಹಿಡಿದು ಮುಂದೆ ಹೋದೆ. ಮೇಲೆ ತಲುಪಿ ಹಿಂತಿರುಗಿದರೆ ಇಬ್ಬರೂ ಇಲ್ಲ. ಕೆಳಗೆ ನೋಡಿದೆ.

ನಡುವಿನ ಮೆಟ್ಟಿಲ ಮೇಲೆ ತಾಯಿ ಮಗಳು ಪಕ್ಕಪಕ್ಕದಲ್ಲಿ ಕುಳಿತಿದ್ದರು. ಇಬ್ಬರೂ ಒಂದೇ ತೆರ. ಮೊಣಕಾಲ ಮೇಲೆ ಕೈ, ಬಗ್ಗಿದ ಬೆನ್ನು, ಅರ್ಧ ಮುಚ್ಚಿದ ರೆಪ್ಪೆ. ಜನ ಅವರನ್ನು ಬಳಸಿಕೊಂಡು, ಬೈದುಕೊಂಡು ಹೋಗುತ್ತಿದ್ದರು.

ಸುನಂದಾ ಮದುವೆಯಾದ ಹದಿನಾರು ವರ್ಷಗಳಿಂದ ಹೀಗೆಯೇ ಕುಳಿತುಕೊಳ್ಳುತ್ತಿದ್ದಳು. ಮಾರ್ಕೆಟ್ಟಿನಿಂದ ಬರುವಾಗ, ದೇವಸ್ಥಾನದ ಮೆಟ್ಟಿಲಲ್ಲಿ, ರೊಟ್ಟಿ ಬಡಿಯುವುದರ ನಡುವೆ. ನಾನು ಮನೆಗೆ ಬಂದ ನೆಂಟರೆದುರು, "ನಮ್ಮಕಿ ಹುಟ್ಟಾ ಮೈಗಳ್ಳಿ. ಕುಂತರ ಏಳಂಗಿಲ್ಲ," ಎಂದು ನಗಿಸುತ್ತಿದ್ದೆ. ಅವಳೂ ನಗುತ್ತಿದ್ದಳು. ಮೂವತ್ತನಾಲ್ಕಕ್ಕೇ ಅವಳಿಗೆ ಶುಗರ್ ಬಂದಾಗ, ಓಡಾಡದಿದ್ದರೆ ಇನ್ನೇನಾದೀತು ಎಂದಿದ್ದೆ. ಕರೆದರೆ ಓಗೊಡುವುದಿಲ್ಲ ಎಂದು ಒದರುತ್ತಿದ್ದೆ.

ಅಂದು ಮೇಲಿನ ಮೆಟ್ಟಿಲಲ್ಲಿ ನಿಂತು ಇಬ್ಬರನ್ನೂ ನೋಡಿದವನು ಬ್ಯಾಗಿನ ಸಮೇತ ಕೆಳಗಿಳಿದು ಅವರ ಹತ್ತಿರ ಹೋದೆ.

ನ್ಯೂರಾಲಜಿಸ್ಟ್ ನಡುವಯಸ್ಸಿನ ಹೆಂಗಸು. ಮೇಘನಾಳನ್ನು ಕುರ್ಚಿಯಿಂದ ಹತ್ತು ಸಲ ಎಬ್ಬಿಸಿ ಕೂರಿಸಿದರು. ಮೇಲಕ್ಕೆ ನೋಡುತ್ತಿರು ಎಂದು ಹೇಳಿ ರೆಪ್ಪೆ ಇಳಿಯುವುದನ್ನು ಗಮನಿಸಿದರು. ಆಮೇಲೆ ಅವರ ಕಣ್ಣು ಸುನಂದಾಳ ಮೇಲೆ ನಿಂತಿತು.

"ಬೆಹನ್, ಆಪ್ಕೋ ಶುಗರ್ ಹೈ?"

ಸುನಂದಾಗೆ ಕೇಳಿಸಲಿಲ್ಲ. ನನ್ನ ಮುಖ ನೋಡಿದಳು. ಇದೆ ಎಂದು ನಾನು ಹೇಳಿದೆ. ಡಾಕ್ಟರು ಶುಗರನ್ನೂ ಕಿವಿಯನ್ನೂ ಬರೆದುಕೊಂಡರು.

ಇಬ್ಬರದೂ ರಕ್ತ, ಮೂತ್ರ ತೆಗೆದು ಜೆನೆಟಿಕ್ ಟೆಸ್ಟಿಗೆ ಕಳಿಸಿದರು. ನಾಲ್ಕು ವಾರದ ನಂತರ ಮತ್ತೆ ಅದೇ ಕೋಣೆಯಲ್ಲಿ ಕುಳಿತೆವು. ಡಾಕ್ಟರು ನಿಧಾನವಾಗಿ ಹೇಳಿದರು. ಮೈಟೊಕಾಂಡ್ರಿಯಲ್ ಡಿಸೀಸ್. ಮಗಳಿಗೆ ಹೆಚ್ಚು, ತಾಯಿಗೆ ಕಡಿಮೆ. ತಾಯಿಯ ಶುಗರ್, ಕಿವಿಯ ಮಂದತನ, ದಣಿವು ಎಲ್ಲ ಒಂದೇ ಬೇರಿನವು. ವಾಸಿಯಾಗುವ ಕಾಯಿಲೆಯಲ್ಲ; ಎಚ್ಚರದಿಂದ ಇದ್ದರೆ ಸಂಭಾಳಿಸಬಹುದು. "ಮೈಟೊಕಾಂಡ್ರಿಯಾ ಮಕ್ಕಳಿಗೆ ಬರುವುದು ತಾಯಿಯಿಂದ ಮಾತ್ರ," ಎಂದೂ ಹೇಳಿದರು.

ಆ ಕ್ಷಣ ನನ್ನೊಳಗೆ ಏನೋ ಸಡಿಲವಾಯಿತು.

ನನ್ನಿಂದ ಬಂದದ್ದಲ್ಲ.

ಹೌದು, ಹಾಗೇ ಅನಿಸಿತು. ಒಂದು ಉಸಿರಿನಷ್ಟು ಹೊತ್ತು ನಿರಾಳವಾಯಿತು. ಮೈದಾನದಲ್ಲಿ ಮಾಡಿದ್ದಕ್ಕಿಂತಲೂ ಈ ನಿರಾಳ ನನ್ನನ್ನು ಹೆಚ್ಚು ಸುಡುತ್ತದೆ. ಮೈದಾನದಲ್ಲಿ ನನಗೆ ಗೊತ್ತಿರಲಿಲ್ಲ ಎಂದಾದರೂ ಹೇಳಿಕೊಳ್ಳಬಹುದು. ಇಲ್ಲಿ ಎಲ್ಲ ಗೊತ್ತಾದ ಮೇಲೆ, ಹೆಂಡತಿ ಮಗಳಿಬ್ಬರೂ ಎಡಬಲದಲ್ಲಿ ಕುಳಿತಿರುವಾಗ, ನಾನು ನನ್ನೊಬ್ಬನನ್ನು ಪಾರು ಮಾಡಿಕೊಂಡಿದ್ದೆ.

ಕಾರಿಡಾರಿನಲ್ಲಿ ಸುನಂದಾ ಕೇಳಿದಳು: "ಅಕಿಗೆ ನನ್ನಿಂದ ಬಂತಂತ ಅಂದ್ರಲ್ಲ ಡಾಕ್ಟರು?"

ಇಲ್ಲ, ಯಾರ ತಪ್ಪೂ ಅಲ್ಲ, ನಿನಗೂ ಅದು ನಿಮ್ಮವ್ವನಿಂದ ಬಂದಿರಬಹುದು, ಬೇಕೆಂದು ಯಾರೂ ಕೊಡುವುದಿಲ್ಲ. ಇಷ್ಟು ಹೇಳಬೇಕಿತ್ತು. ನಾನು ಫೈಲಿನ ಕಾಗದಗಳನ್ನು ಜೋಡಿಸುತ್ತ ನಿಂತೆ. ಮೇಘನಾ ತಾಯಿಯ ಕೈ ಹಿಡಿದುಕೊಂಡಳು. ವಡೋದರಾ ಬರುವವರೆಗೂ ಅವರಿಬ್ಬರೂ ಹಾಗೇ ಕುಳಿತಿದ್ದರು.

ಎರಡು ದಿನ ಬಿಟ್ಟು ಭಾನುವಾರ ಬೆಳಿಗ್ಗೆ ಸುನಂದಾ ಜೋಳದ ರೊಟ್ಟಿಗೆ ತುಪ್ಪ ಸವರಿ ಮೇಘನಾಳ ತಾಟಿಗೆ ಮೂರನೆಯದನ್ನು ಹಾಕಿದಳು. ಡಾಕ್ಟರು ಹೇಳಿದ್ದು ಅವಳಿಗೆ ಪೂರ್ತಿ ಕೇಳಿಸಿರಲಿಲ್ಲ, ನಾನೂ ತಿಳಿಸಿ ಹೇಳಿರಲಿಲ್ಲ. ತಿನ್ನಿಸಿದರೆ ಶಕ್ತಿ ಬರುತ್ತದೆ ಎಂದುಕೊಂಡಿದ್ದಳು. ನಾನು ಅವಳ ಎದುರಿಗೆ, ತುಟಿ ಕಾಣುವ ಹಾಗೆ ಕುಳಿತೆ. ಒಂದು ರೊಟ್ಟಿಯನ್ನು ಕೈಯಲ್ಲಿ ಹಿಡಿದೆ.

"ಇದರೊಳಗ ಬಿಸಿಲು ಅದ," ಎಂದೆ. "ಜೋಳದ ಎಲಿ ಬಿಸಿಲು ಕುಡದು ಮಾಡಿಟ್ಟಿದ್ದು. ನಾವು ತಿಂದಮ್ಯಾಲೆ ಅದು ಸಕ್ಕರಿ ಆಗಿ ರಕ್ತದೊಳಗ ಹೋಗ್ತದ. ನಿಮ್ಮಿಬ್ಬರಿಗೂ ಅಲ್ಲೀತನಕ ಸರಿ ಅದ. ಆಮ್ಯಾಲೆ ಆ ಸಕ್ಕರಿ ಮೈಯಾಗಿನ ಸಣ್ಣ ಸಣ್ಣ ಒಲಿಯೊಳಗ ಉರೀಬೇಕು. ಆ ಒಲಿ ನಿಮಗ ಪೂರ್ತಿ ಹತ್ತಂಗಿಲ್ಲ. ಒಲಿ ಹತ್ತದಿದ್ರ ಎಷ್ಟು ಕಟಗಿ ತುರುಕಿದ್ರೂ ಅಷ್ಟ."

"ಗಿಡಕ್ಕೂ ಇರ್ತದೇನ್ರಿ ಆ ಒಲಿ?"

ಇಪ್ಪತ್ತೊಂದು ವರ್ಷದಲ್ಲಿ ನನ್ನ ಕ್ಲಾಸಿನಲ್ಲಿ ನಾಲ್ಕೈದು ಮಕ್ಕಳಷ್ಟೇ ಈ ಪ್ರಶ್ನೆ ಕೇಳಿದ್ದರು. "ಇರ್ತದ. ಗಿಡಾನೂ ತಾ ಮಾಡಿದ್ದು ತಾನ ಉರಿಸಿಕೋಬೇಕು. ಹಗಲೂ ರಾತ್ರಿ."

ಅವಳು ನನ್ನ ಕೈಯಲ್ಲಿದ್ದ ರೊಟ್ಟಿಯನ್ನು ತೆಗೆದುಕೊಂಡು ಬುಟ್ಟಿಗೆ ಹಾಕಿದಳು.

"ಹಂಗಾರ ನಾ ಮೈಗಳ್ಳಿ ಅಲ್ಲ," ಎಂದಳು.

ಪ್ರಶ್ನೆಯೂ ಅಲ್ಲ, ಬೈಗುಳವೂ ಅಲ್ಲ. ಲೆಕ್ಕ ಬಿಡಿಸಿ ಉತ್ತರ ಹೇಳಿದ ಹಾಗಿತ್ತು. ನನಗೆ ಅಳು ಬಂತು. ಮಗಳೆದುರು ಅತ್ತೆ. ಸುನಂದಾ ಸಮಾಧಾನ ಮಾಡಲಿಲ್ಲ. ಎದ್ದು ಒಳಗೆ ಹೋದಳು. ಹೋಗಲಿ ಎಂದು ನಾನೂ ಬಿಟ್ಟೆ. ಅಷ್ಟು ವರ್ಷಗಳದ್ದು ಒಂದು ಅಳುವಿಗೆ ಮಾಫಿಯಾಗಬೇಕೆಂದು ಬಯಸುವುದೂ ನಾಚಿಕೆಗೇಡು.

ಮಧ್ಯಾಹ್ನ ಮೇಘನಾಳ ಹತ್ತಿರ ಕುಳಿತು, ಅವಳ ಕ್ಲಾಸಿಗೆ ಬಂದು ಎಲ್ಲರೆದುರು ತಪ್ಪೊಪ್ಪಿಕೊಳ್ಳುತ್ತೇನೆ ಎಂದೆ.

"ಪ್ಲೀಸ್ ಪಪ್ಪಾ, ಬ್ಯಾಡ. ಎಲ್ಲಾರೂ ಮತ್ತ ನನ್ನ ನೋಡ್ತಾರ," ಎಂದಳು. ಸ್ವಲ್ಪ ತಡೆದು, "ನನಗ ಒಬ್ಬಾಕಿಗೆ ಹೇಳು, ಬಸ್."

ಹೇಳಿದೆ. ಅವಳು ಕೇಳಿಸಿಕೊಂಡಳು. ಪರವಾಗಿಲ್ಲ ಎನ್ನಲಿಲ್ಲ.

ಈಗ ಏಳು ತಿಂಗಳಾಗಿದೆ. ನೆಲಮಹಡಿಯ ಮನೆಗೆ ಬಂದಿದ್ದೇವೆ. ಇಬ್ಬರಿಗೂ ಕೋಎನ್‌ಜೈಮ್ ಮಾತ್ರೆ, ಕಾರ್ನಿಟೀನ್ ಸಿರಪ್. ಸುನಂದಾಳ ಹಳೆಯ ಶುಗರ್ ಮಾತ್ರೆ ಈ ಕಾಯಿಲೆಗೆ ಒಳ್ಳೆಯದಲ್ಲವೆಂದು ಡಾಕ್ಟರು ಬದಲಿಸಿದರು. ಸೋಮವಾರದ ಉಪವಾಸವನ್ನೂ ಬಿಡಿಸಿದರು. ಹಿಯರಿಂಗ್ ಏಡ್ ಹಾಕಿಕೊಂಡ ಮೊದಲ ದಿನ ಅವಳು, "ನೀವು ಇಷ್ಟು ಜೋರಾಗಿ ಮಾತಾಡ್ತಿದ್ರೇನ್ರಿ?" ಎಂದಳು. ಮೇಘನಾ ತನ್ನ ದಿನವನ್ನು ತಾನೇ ಹಂಚಿಕೊಳ್ಳುತ್ತಾಳೆ. ತಲೆಸ್ನಾನದ ದಿನ ಟ್ಯೂಷನ್ ಇಲ್ಲ. ಟೆಸ್ಟ್ ಇದ್ದ ದಿನ ಗೆಳತಿಯರ ಮನೆ ಇಲ್ಲ. ಫಿಸಿಯೋಥೆರಪಿಯವರು ಹೇಳಿಕೊಟ್ಟಷ್ಟೇ ನಡಿಗೆ. ಕೆಲವು ವಾರ ಚೆನ್ನಾಗಿರುತ್ತಾಳೆ. ಕೆಲವು ವಾರ ಚಮಚ ಎತ್ತುವುದೂ ಕಷ್ಟ. ಮುಂದೆ ಹೇಗೋ ಯಾರೂ ಖಚಿತವಾಗಿ ಹೇಳುವುದಿಲ್ಲ. ನಾನೂ ಕೇಳುವುದನ್ನು ಕಡಿಮೆ ಮಾಡಿದ್ದೇನೆ. ಆ ಎಳೆಯ ಡಾಕ್ಟರಿಗೆ ಒಂದು ಟೆಸ್ಟ್ ಹೆಚ್ಚಿಗೆ ಬರೆಯಬೇಕೆಂದು ತೋಚಿತಲ್ಲ, ಅದನ್ನು ನೆನೆಯದ ದಿನವಿಲ್ಲ.

ಮೊನ್ನೆ ಸಂಜೆ ಮೂವರೂ ಕಮಾಟಿ ಬಾಗ್ ಉದ್ಯಾನಕ್ಕೆ ಹೋಗಿದ್ದೆವು. ಸ್ವಲ್ಪ ದೂರ ನಡೆದು ಬೆಂಚಿನ ಮೇಲೆ ಕುಳಿತೆವು. ಹಳೆಯ ಮನೆಯ ಎದುರಿನ ಫ್ಲ್ಯಾಟಿನವರು, ನಿವೃತ್ತ ಇಂಜಿನಿಯರ್, ದಿನಾ ಐದು ಸುತ್ತು ನಡೆಯುವವರು, ನಮ್ಮನ್ನು ಕಂಡು ನಿಂತರು. "ಅರೇ, ಇಷ್ಟು ಚಿಕ್ಕ ಹುಡುಗಿ ಕೂತುಬಿಟ್ಟಿದ್ದಾಳೆ! ಏಳು, ಏಳು, ನನ್ನ ಜೊತೆ ನಡಿ," ಎಂದು ಗುಜರಾತಿಯಲ್ಲಿ ನಗುತ್ತಾ ಕರೆದರು.

ಕಾಯಿಲೆಯ ಹೆಸರು ಹೇಳಬೇಕೋ, ಸುಮ್ಮನಿರಬೇಕೋ ತಿಳಿಯದೆ ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಮೇಘನಾ ತಲೆ ಎತ್ತಿ ಅವರನ್ನೇ ನೋಡಿ ಹೇಳಿದಳು:

"ಥಾಕ್ ಲಾಗ್ಯೋ ಛೇ, ಅಂಕಲ್."

ದಣಿವಾಗಿದೆ, ಅಷ್ಟೇ. ಅವರು "ಅಚ್ಛಾ, ಅಚ್ಛಾ, ಬೇಸೋ ಬೇಟಾ," ಕೂತಿರು ಮಗಳೇ ಎಂದು ಕೈಬೀಸಿ ಮುಂದೆ ಹೋದರು. ಇಷ್ಟು ಸಣ್ಣ ಮಾತನ್ನೇ ಎರಡು ವರ್ಷ ನನ್ನ ಮಗಳು ನನಗೆ ಹೇಳುತ್ತಿದ್ದಳು, ನಾನು ನಂಬಿರಲಿಲ್ಲ. ಸುನಂದಾ ಅವಳ ಬೆನ್ನ ಮೇಲೆ ಕೈಯಿಟ್ಟಳು. ನಾನು ಬೆಂಚಿನ ತುದಿಗೆ ಸರಿದು, ಮೇಘನಾ ಕಾಲು ಚಾಚಲು ಜಾಗ ಬಿಟ್ಟುಕೊಟ್ಟೆ.