ವೀರಪ್ಪ ಬರೆದ ಮೆರವಣಿಗೆ

ಎನ್.ಆರ್. ಪುರದ ವೀರಪ್ಪನಿಗೆ ಬಾಯಿ ತುಂಬ ಎಲೆಅಡಿಕೆ, ಮನಸ್ಸು ತುಂಬ ದಾಕ್ಷಿಣ್ಯ. ಯಾರಿಗೂ ಇಲ್ಲ ಅಂದು ಗೊತ್ತಿಲ್ಲ. ಒಂದು ಕಾಲಕ್ಕೆ ಊರಿನ ಅರ್ಧ ಅಂಗಡಿಗಳ ಬೋರ್ಡು ಬರೆದವನೇ ಅವನು. ಫ್ಲೆಕ್ಸ್ ಬಂದ ಮೇಲೆ ಗೇಟುಗಳಿಗೆ ಬಣ್ಣ ಹೊಡೆದು ಹೊಟ್ಟೆ ಹೊರೆದ. ಪಕ್ಕದ ಮನೆಯವನಾದ ನನಗೆ ಅದನ್ನು ನೋಡಿದಾಗೆಲ್ಲ ಸಂಕಟವಾಗುತ್ತಿತ್ತು.

ಹೋದ ವರ್ಷ ಶಾಲೆಯ ಹೆಡ್‌ಮಿಸ್ ಮಾಲತಿ ಅವನನ್ನು ಕರೆಸಿದರು. ಹಿಂದೆ ರಾಜರ ಕಾಲದಲ್ಲಿ ಯುವರಾಜರು ಊರಿಗೆ ಬಂದಾಗಿನ ಸಂಭ್ರಮವನ್ನು ಹಜಾರದ ಗೋಡೆ ಮೇಲೆ ಬರೆಯಬೇಕು. ಚೆನ್ನಾಗಿ ಬಂದರೆ ಉಳಿದ ಗೋಡೆಗಳೂ ಅವನಿಗೇ. ಕೆಟ್ಟರೆ ಸುಣ್ಣ ಬಳಿದು ಫ್ಲೆಕ್ಸ್ ಹಾಕಿಸುವುದು.

ವೀರಪ್ಪ ತೋರಣ ಬರೆದ, ವಾಲಗದವರನ್ನು ಬರೆದ, ಯುವರಾಜರ ಸಾರೋಟಿಗೆಂದು ಬಲಗಡೆ ನಾಲ್ಕು ಮೊಳ ಜಾಗ ಬಿಟ್ಟ. ಮುಖಗಳು ಬಾಕಿ. ಅವತ್ತಿನವರ ಫೋಟೊ ಯಾರ ಬಳಿ ಇದೆ?

"ನಮ್ಮ ಮುತ್ತಜ್ಜ ನನ್ ಹಂಗೇ ಇದ್ರಂತೆ ಮಾರಾಯ" ಎಂದು ದಿನಸಿ ಅಂಗಡಿಯ ದೇವಪ್ಪ ತನ್ನದೇ ಪಾಸ್‌ಪೋರ್ಟ್ ಸೈಜ್ ಫೋಟೊ ಕೊಟ್ಟ. ಸುದ್ದಿ ಹಬ್ಬಿತು. ಬ್ಯಾಂಕಿಗೆಂದು ತೆಗೆಸಿದ್ದು, ಲೈಸೆನ್ಸಿಗೆಂದು ತೆಗೆಸಿದ್ದು ಎಲ್ಲವೂ ಬಂದವು. ಸುಳ್ಳೇಕೆ, ನಾನೂ ಕೊಟ್ಟೆ. ವೀರಪ್ಪ ಎಲ್ಲರಿಗೂ ಪೇಟ ಸುತ್ತಿದ, ಮೀಸೆ ಅಂಟಿಸಿದ, ಹೆಂಗಸರ ಕೈಗೆ ಕಳಶ ಕೊಟ್ಟ. ಜಾಗ ಸಾಲದೆ ಬಂದಾಗ ಸಾರೋಟಿನ ಜಾಗದಲ್ಲೂ ಜನರನ್ನು ನಿಲ್ಲಿಸಿದ.

ಉದ್ಘಾಟನೆಯ ಹಿಂದಿನ ದಿನ ಮಾಲತಿ ನೋಡಲು ಬಂದರು.

"ಯುವರಾಜರು ಎಲ್ಲಿ ವೀರಪ್ಪ?"

ವೀರಪ್ಪ ಎಲೆಅಡಿಕೆಯನ್ನು ಒಂದು ದವಡೆಗೆ ತಳ್ಳಿದ. "ಜಾಗ ಸಾಕಾಗ್ಲಿಲ್ಲ ಮೇಡಂ."

"ಜನ ಎಲ್ಲ ಬೀದಿ ನೋಡೋದು ಬಿಟ್ಟು ಈ ಕಡೆ ಯಾಕೆ ನೋಡ್ತಿದಾರೆ?"

"ಫೋಟೊದಲ್ಲಿ ಹಂಗೇ ಇತ್ತು."

ಏಣಿ ಹಿಡಿದಿದ್ದ ನಾನು ನೆಲ ನೋಡಿದೆ. ಮೇಡಂ ಸುಣ್ಣದ ಮಾತೆತ್ತಿದರು. ಅಷ್ಟರಲ್ಲಿ ಬಿಸಿಯೂಟದ ಅಡುಗೆಯ ಗಿರಿಯಮ್ಮ ಕೈ ಒರೆಸಿಕೊಳ್ಳುತ್ತ ಒಳಗೆ ಬಂದವಳು ಗೋಡೆಯೆದುರು ಗಕ್ಕನೆ ನಿಂತಳು. ಅಷ್ಟೂ ಪೇಟ, ಅಷ್ಟೂ ಕಳಶ, ಅಷ್ಟೂ ನಗುಮುಖ ಅವಳ ಕಡೆಗೇ ತಿರುಗಿದ್ದವು. ಅವಳು ಸೆರಗು ಸರಿಮಾಡಿಕೊಂಡಳು, ನಾಚಿಕೊಂಡಳು, ಕೈ ಮುಗಿದೇಬಿಟ್ಟಳು.

"ಅಯ್ಯೋ ಮಾರಾಯ, ಇಡೀ ಊರು ನನ್ನನ್ನ ಎದುರುಗೊಳ್ಳೋಕೆ ಬಂದ ಹಂಗಿದ್ಯಲ್ಲ!"

ಮಾಲತಿ ಹೋಗಿ ಅವಳ ಪಕ್ಕದಲ್ಲಿ ನಿಂತರು. ಬಹಳ ಹೊತ್ತು ನೋಡಿದರು.

"ಊಟದ ಕೋಣೆಯ ಗೋಡೆ ಯಾವಾಗ ಶುರು ಮಾಡ್ತೀರಿ?" ಎಂದು ಕೇಳಿದರು. ನನಗೆ ಕುಣಿಯಬೇಕೆನಿಸಿತು.

ಈಗ ಆ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಸೇರುವ ಪ್ರತಿ ಮಗುವನ್ನೂ ಮೊದಲ ದಿನ ಆ ಗೋಡೆಯ ಎದುರಿಗೆ ಕರೆತಂದು ನಿಲ್ಲಿಸುತ್ತಾರೆ.